ಸಭೆ ನಡೆಸುವವರಿಗೆ ನೆಹೆಮೀಯನ ಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಸ್ಟರೇಟ್ ಕಮಿಟಿಗೆ, ಎಂದರೆ ಕ್ರೈಸ್ತ ಸಭೆಯ ಆಡಳಿತ ಸಮಿತಿಗೆ, ಹೊಸದಾಗಿ ಬಂದವರು, ಸಂಡೇ ಸ್ಕೂಲ್ ನೋಡಿಕೊಳ್ಳುವವರು, ಯುವಜನ ಕೂಟದ ಕಾರ್ಯದರ್ಶಿಗಳು, ಸ್ತ್ರೀಯರ ಕೂಟದ ಅಕ್ಕಂದಿರು, ಮನೆಕೂಟ ನಡೆಸುವವರು, ಇವರೆಲ್ಲ ಬೈಬಲ್ ಸ್ಟಡಿ ಮುಗಿದ ಮೇಲೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವುಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಉತ್ತರ ಆದಷ್ಟೂ ಹಳೆ ಒಡಂಬಡಿಕೆಯ ನೆಹೆಮೀಯನ ಪುಸ್ತಕದಿಂದಲೇ ಇದೆ. ಬೈಬಲನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿ.

ಬೈಬಲ್‌ನಲ್ಲಿ ಇಷ್ಟೊಂದು ನಾಯಕರಿದ್ದಾರೆ. ನೆಹೆಮೀಯನೇ ಯಾಕೆ?

ಮೋಶೆಗೆ ಉರಿಯುವ ಪೊದೆ ಕಾಣಿಸಿತು. ಸಮುವೇಲನಿಗೆ ರಾತ್ರಿಯಲ್ಲಿ ದೇವರ ಸ್ವರ ಕೇಳಿಸಿತು. ಪೌಲನು ದಮಸ್ಕದ ದಾರಿಯಲ್ಲಿ ಬೆಳಕು ಕಂಡು ನೆಲಕ್ಕೆ ಬಿದ್ದನು. ನೆಹೆಮೀಯನಿಗೆ ಇಂಥದ್ದೇನೂ ಆಗಲಿಲ್ಲ. 13 ಅಧ್ಯಾಯ ಓದಿದರೂ ಅವನ ಕಾಲದಲ್ಲಿ ಸಮುದ್ರ ಇಬ್ಭಾಗವಾಗುವಂಥ ಅದ್ಭುತ ನಡೆದದ್ದು ಒಂದೂ ಸಿಗುವುದಿಲ್ಲ. ಯೆರೂಸಲೇಮಿನ ಗೋಡೆ ಬಿದ್ದಿದೆ ಎಂದು ಊರಿನಿಂದ ಬಂದವರು ಕೆಟ್ಟ ಸುದ್ದಿ ಹೇಳಿದರು. ಅವನು ಕೂತು ಅತ್ತನು, ಉಪವಾಸ ಮಾಡಿದನು, ರಾಜನ ಹತ್ತಿರ ರಜೆ ಕೇಳಿದನು, ಹೊರಟನು. ನಮ್ಮಲ್ಲಿ ಬಹಳ ಜನರಿಗೆ ಸೇವೆಯ ಕರೆ ಬರುವುದು ಹೀಗೇ ಅಲ್ವಾ?

ಇನ್ನೊಂದು ಕಾರಣ ಇದೆ. ಪುಸ್ತಕದ ದೊಡ್ಡ ಭಾಗ ಅವನೇ "ನಾನು" ಎಂದು ಹೇಳಿಕೊಂಡು ಬರೆದದ್ದು. ಮರ ಎಲ್ಲಿಂದ ಬಂತು, ಪತ್ರ ಯಾರಿಗೆ ಹೋಯಿತು, ಯಾರ ಮನೆ ಮುಂದಿನ ಗೋಡೆಯನ್ನು ಯಾರು ಕಟ್ಟಿದರು, ಊಟದ ಖರ್ಚು ಎಷ್ಟು ಎಲ್ಲವೂ ಅದರಲ್ಲಿದೆ.

ನಮ್ಮ ಪ್ರಸಂಗಗಳಲ್ಲಿ ಅವನು 52 ದಿನಗಳಲ್ಲಿ ಕಟ್ಟಿಸಿದ ಗೋಡೆಯ ಮಾತು ಜಾಸ್ತಿ, 5ನೇ ಅಧ್ಯಾಯದ ಮಾತು ಕಡಿಮೆ. ಇದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ. ದೇವರ ಜನರನ್ನು ನಡೆಸುವವನು ಏನೇನು ಕಟ್ಟಿಸಿದ ಎನ್ನುವುದಕ್ಕಿಂತ, ಕೈಗೆ ಸಿಗುತ್ತಿದ್ದರೂ ಏನೇನು ಮುಟ್ಟದೆ ಬಿಟ್ಟ ಎನ್ನುವುದನ್ನು ಆ ಅಧ್ಯಾಯ ಕೇಳುತ್ತದೆ. ಈ ಪುಟದ ಮುಖ್ಯ ಮಾತೂ ಅದೇ.

ನೆಹೆಮೀಯ ಯಾರು? ಯಾವ ಕಾಲದವನು?

ಕ್ರಿ.ಪೂ. 5ನೇ ಶತಮಾನದ ಯೆಹೂದ್ಯ. ಪರ್ಷಿಯದ ಅರಸ ಅರ್ತಷಸ್ತನ ಪಾನದಾಯಕನಾಗಿ, ಎಂದರೆ ದ್ರಾಕ್ಷಾರಸ ಕೊಡುವವನಾಗಿ, ಶೂಷನ್ ಅರಮನೆಯಲ್ಲಿದ್ದನು. ಈ ಊರು ಈಗಿನ ಇರಾನ್ ದೇಶದ ನೈಋತ್ಯದಲ್ಲಿದೆ. ರಾಜನಿಗೆ ದ್ರಾಕ್ಷಾರಸದಲ್ಲಿ ವಿಷ ಹಾಕಿಬಿಡಬಹುದು ಎಂಬ ಭಯ ಇದ್ದ ಕಾಲ ಅದು. ಆದ್ದರಿಂದ ಪಾನದಾಯಕನೆಂದರೆ ರಾಜ ತನ್ನ ಪ್ರಾಣವನ್ನೇ ನಂಬಿ ಒಪ್ಪಿಸಿದ ಮನುಷ್ಯ.

ಬಾಬೆಲಿನವರು ಯೆರೂಸಲೇಮನ್ನು ಸುಟ್ಟು ಕೆಡವಿ ಆಗಲೇ ಸುಮಾರು 140 ವರ್ಷ ಆಗಿತ್ತು. ದೇವಾಲಯವನ್ನು ಮತ್ತೆ ಕಟ್ಟಿ 70 ವರ್ಷ ಕಳೆದಿತ್ತು. ಊರಿನ ಗೋಡೆ ಮಾತ್ರ ಬಿದ್ದೇ ಇತ್ತು. ಅರ್ತಷಸ್ತನ 20ನೇ ವರ್ಷದಲ್ಲಿ, ಎಂದರೆ ಕ್ರಿ.ಪೂ. 445ರಲ್ಲಿ ನೆಹೆಮೀಯ ಯೆರೂಸಲೇಮಿಗೆ ಅಧಿಪತಿಯಾಗಿ ಬಂದನು. ಅವನು ಯಾಜಕನಲ್ಲ, ಪ್ರವಾದಿಯೂ ಅಲ್ಲ. ನೌಕರಿಯಲ್ಲಿದ್ದ ಒಬ್ಬ ವಿಶ್ವಾಸಿ.

ಇದೆಲ್ಲ ನಿಜವಾಗಿ ನಡೆದದ್ದಾ? ಹೊರಗಿನ ಸಾಕ್ಷಿ ಏನಾದರೂ ಇದೆಯಾ?

ಯುವಜನರು ಇದನ್ನು ತಪ್ಪದೆ ಕೇಳುತ್ತಾರೆ. ಕೇಳಲೂಬೇಕು. ಈಜಿಪ್ಟಿನ ದಕ್ಷಿಣದಲ್ಲಿ, ನೈಲ್ ನದಿಯ ಎಲಿಫಂಟೈನ್ ದ್ವೀಪದಲ್ಲಿ ಯೆಹೂದ್ಯರ ಒಂದು ಕಾಲೊನಿ ಇತ್ತು. ಅವರು ಕ್ರಿ.ಪೂ. 407ರಲ್ಲಿ ಯೆಹೂದದ ಅಧಿಪತಿಗೆ ಬರೆದ ಪತ್ರ ಸಿಕ್ಕಿದೆ. ಅದರಲ್ಲಿ ಸಮಾರ್ಯದ ಅಧಿಪತಿ ಸನ್ಬಲ್ಲಟನ ಹೆಸರೂ ಅವನ ಇಬ್ಬರು ಮಕ್ಕಳ ಹೆಸರೂ ಇವೆ. ನೆಹೆಮೀಯನನ್ನು ಕಾಡಿದ ಸನ್ಬಲ್ಲಟ ಇವನೇ ಎಂದು ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರೆ.

ಪ್ರಾರ್ಥನೆ ಮಾಡಿ ದೇವರಿಗೆ ಬಿಡಬೇಕಾ, ಪ್ಲಾನ್ ಮಾಡಬೇಕಾ?

ನೆಹೆಮೀಯ ಎರಡನ್ನೂ ಮಾಡಿದನು. ಸುದ್ದಿ ಬಂದದ್ದು ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ, ರಾಜನ ಹತ್ತಿರ ಮಾತಾಡಿದ್ದು ನಿಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. ಆ ತಿಂಗಳುಗಳಲ್ಲಿ ಅವನು ಹಗಲೂ ರಾತ್ರಿ ಪ್ರಾರ್ಥಿಸಿದನು. "ಅವರು ಪಾಪ ಮಾಡಿದರು" ಎನ್ನದೆ, ನಾನೂ ನನ್ನ ತಂದೆಯ ಮನೆಯವರೂ ಪಾಪ ಮಾಡಿದ್ದೇವೆ ಎಂದು ಬೇಡಿಕೊಂಡನು (1:6, ಎಂದರೆ 1ನೇ ಅಧ್ಯಾಯ 6ನೇ ವಚನ). ಸಾವಿರ ಮೈಲಿ ದೂರದಲ್ಲಿ ಕೂತವನು ಬಿದ್ದ ಗೋಡೆಗೆ ತಾನೂ ಹೊಣೆ ಎಂದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಮುಂದೆ ಒಂದು ದಿನ ರಾಜ ಕೇಳುತ್ತಾನೆ: ನಿನಗೆ ಏನು ಬೇಕು? ಆಗ ಅವನು ಪರಲೋಕದ ದೇವರಿಗೆ ಪ್ರಾರ್ಥಿಸಿ ಉತ್ತರ ಕೊಟ್ಟನು (2:4). ಎದುರಿಗೆ ರಾಜ, ಪಕ್ಕದಲ್ಲಿ ರಾಣಿ, ಕೈಯಲ್ಲಿ ಬಟ್ಟಲು. ಒಂದು ಉಸಿರಿನಷ್ಟು ಪ್ರಾರ್ಥನೆ. ಆದರೆ ಅದರ ಹಿಂದೆ ನಾಲ್ಕು ತಿಂಗಳ ಪ್ರಾರ್ಥನೆ ಇತ್ತು.

ಆಮೇಲೆ ಅವನ ಬಾಯಿಂದ ಬಂದ ಬೇಡಿಕೆಗಳನ್ನು ನೋಡಿ. ಎಷ್ಟು ದಿನ ಬೇಕು ಎಂದು ಗಡುವು ಹೇಳಿದನು. ಯೂಫ್ರೆಟಿಸ್ ನದಿಯಾಚೆಯ ಅಧಿಪತಿಗಳಿಗೆ ಪತ್ರ ಕೇಳಿದನು. ರಾಜನ ವನಪಾಲಕ ಆಸಾಫನಿಗೆ ಇನ್ನೊಂದು ಪತ್ರ ಕೇಳಿದನು, ಬಾಗಿಲುಗಳ ತೊಲೆಗೆ ಮರ ಬೇಕಲ್ಲ! ಆ ವನಪಾಲಕನ ಹೆಸರು ಕೂಡ ಅವನಿಗೆ ಗೊತ್ತಿತ್ತು. ಪ್ರಾರ್ಥಿಸುತ್ತಿದ್ದ ತಿಂಗಳುಗಳಲ್ಲೇ ಅವನು ವಿಚಾರಿಸಿ ತಿಳಿದುಕೊಂಡಿರಬೇಕು. "ಕರ್ತನು ನೋಡಿಕೊಳ್ಳುತ್ತಾನೆ" ಎಂದು ಹೇಳಿ ಬಜೆಟ್ ಇಲ್ಲದೆ ಸಭಾಮಂದಿರಕ್ಕೆ ಪಾಯ ತೆಗೆಯುವವರು ಈ ವಚನಗಳನ್ನು ನಿಧಾನವಾಗಿ ಓದಬೇಕು.

ಈ ವರ್ಷ ಮೊದಲ ಸಲ ಕಮಿಟಿಗೆ ಆಯ್ಕೆಯಾಗಿದ್ದೇನೆ. ಮೊದಲು ಏನು ಮಾಡಲಿ?

ಬಾಯಿ ಬಿಡುವ ಮುಂಚೆ ಸುತ್ತಿ ನೋಡಿ.

ನೆಹೆಮೀಯ ಯೆರೂಸಲೇಮಿಗೆ ಬಂದು ಮೂರು ದಿನ ಸುಮ್ಮನಿದ್ದನು. ನಂತರ ರಾತ್ರಿ ಎದ್ದು ಕೆಲವೇ ಜನರೊಂದಿಗೆ ಹೊರಟನು. ಅವನು ಕೂತಿದ್ದ ಪ್ರಾಣಿ ಬಿಟ್ಟರೆ ಬೇರೆ ಪ್ರಾಣಿ ಇರಲಿಲ್ಲ. ತಗ್ಗಿನ ಕಡೆಯ ಬಾಗಿಲಿನಿಂದ ಹೊರಟು, ತಿಪ್ಪೆಬಾಗಿಲಿನ ಕಡೆಗೆ, ಅಲ್ಲಿಂದ ಬುಗ್ಗೆಬಾಗಿಲಿಗೆ, ಅರಸನ ಕೊಳಕ್ಕೆ. ಒಂದು ಕಡೆ ಕಲ್ಲುರಾಶಿ ಎಷ್ಟಿತ್ತೆಂದರೆ ಕೂತಿದ್ದ ಪ್ರಾಣಿ ದಾಟಲು ಜಾಗವೇ ಇರಲಿಲ್ಲ (2:14). ಅಧಿಕಾರಿಗಳಿಗೆ, ಯಾಜಕರಿಗೆ, ಯಾರಿಗೂ ಅವನು ಇದನ್ನು ಹೇಳಿರಲಿಲ್ಲ. ಮೆರವಣಿಗೆ ಇಲ್ಲ, ಸ್ವಾಗತ ಸಮಾರಂಭ ಇಲ್ಲ.

ನಿಮ್ಮ ಮಟ್ಟಿಗೆ ಇದರ ಅರ್ಥ ಬಹಳ ಸರಳ. ಹಳೆ ಮಿನಿಟ್ಸ್ ಪುಸ್ತಕ ಓದಿ. ಮೂರು ವರ್ಷದ ಲೆಕ್ಕಪತ್ರ ಕೇಳಿ ಪಡೆದು ನೋಡಿ. ಸಭೆಗೆ ಬರುವುದನ್ನು ಬಿಟ್ಟವರ ಮನೆಗೆ ಹೋಗಿ ಟೀ ಕುಡಿದು ಬನ್ನಿ, ಯಾಕೆ ಬಿಟ್ಟರು ಎಂದು ಕೇಳಿ. ಹಾಸಿಗೆ ಹಿಡಿದ ಹಿರಿಯರನ್ನು ಯಾರು ಭೇಟಿ ಮಾಡುತ್ತಿದ್ದಾರೆ ಎಂದು ತಿಳಿದುಕೊಳ್ಳಿ. ಮೊದಲ ಮೀಟಿಂಗ್‌ನಲ್ಲೇ ಹತ್ತು ಹೊಸ ಯೋಜನೆ ಹೇಳುವವರನ್ನು ಸಭೆಗಳು ಬಹಳ ಕಂಡಿವೆ.

ನೋಡಿದ ಮೇಲೆ ಅವನು ಜನರಿಗೆ ಹೇಳಿದ ರೀತಿಯೂ ಚೆನ್ನಾಗಿದೆ. ನಮ್ಮ ಗತಿ ಎಂಥದ್ದು ನೋಡುತ್ತೀರಲ್ಲ, ಬನ್ನಿ, ಕಟ್ಟೋಣ (2:17). "ನೀವು ಹಾಳುಮಾಡಿದಿರಿ, ನಾನು ಕಟ್ಟುತ್ತೇನೆ" ಎಂಬ ಧಾಟಿ ಅದರಲ್ಲಿಲ್ಲ.

ಯಾರೂ ಕೆಲಸಕ್ಕೆ ಬರುವುದಿಲ್ಲ. ಎಲ್ಲ ನಾನೇ ಮಾಡಬೇಕು. ಏನು ಮಾಡಲಿ?

3ನೇ ಅಧ್ಯಾಯ ತೆಗೆಯಿರಿ. ಬರೀ ಹೆಸರುಗಳ ಪಟ್ಟಿ ಎಂದು ಎಲ್ಲರೂ ದಾಟಿಹೋಗುವ ಅಧ್ಯಾಯ ಅದು. ಮಹಾಯಾಜಕ ಎಲ್ಯಾಷೀಬ ಮತ್ತು ಅವನ ಸಹೋದರರು ಕುರಿಬಾಗಿಲು ಕಟ್ಟಿದರು. ಅಕ್ಕಸಾಲಿಗರು ಕಟ್ಟಿದರು. ಸುಗಂಧದ್ರವ್ಯ ಮಾಡುವವನು ಕಟ್ಟಿದನು. ವ್ಯಾಪಾರಿಗಳು ಕಟ್ಟಿದರು. ಒಂದು ಪ್ರಾಂತ್ಯದ ಒಡೆಯ ತಿಪ್ಪೆಬಾಗಿಲನ್ನು ಸರಿಮಾಡಿದನು, ಊರಿನ ಕಸ ಹೊರಗೆ ಹೋಗುವ ಬಾಗಿಲು ಅದು. ಗಾರೆ ಕೆಲಸ ಕಲಿತವರು ಎಂದು ಇವರಲ್ಲಿ ಯಾರ ಬಗ್ಗೆಯೂ ಬರೆದಿಲ್ಲ.

ಇನ್ನೊಂದು ಜಾಣತನ ಗಮನಿಸಿ. ತುಂಬಾ ಜನರಿಗೆ ಅವರವರ ಮನೆಯ ಎದುರಿನ ಭಾಗವನ್ನೇ ಕೊಟ್ಟಿದ್ದಾರೆ (3:23, 28-30). ಮೆಷುಲ್ಲಾಮ ಎಂಬವನು ತಾನಿದ್ದ ಕೋಣೆಯ ಎದುರಿಗೆ ಕಟ್ಟಿದನು. ತನ್ನ ಹೆಂಡತಿ ಮಕ್ಕಳು ಮಲಗುವ ಮನೆಯ ಮುಂದಿನ ಗೋಡೆಯನ್ನು ಯಾರು ತಾನೇ ಕಳಪೆಯಾಗಿ ಕಟ್ಟುತ್ತಾರೆ? "ಸ್ವಲ್ಪ ಸಹಾಯ ಮಾಡಿ" ಎಂದು ಮೈಕಿನಲ್ಲಿ ಎಲ್ಲರಿಗೂ ಹೇಳಿದರೆ ಯಾರೂ ಬರುವುದಿಲ್ಲ. ಒಬ್ಬೊಬ್ಬರ ಹೆಸರು ಹಿಡಿದು, ಅವರಿಗೆ ಹತ್ತಿರವಾದ ಕೆಲಸವನ್ನು, ಇಷ್ಟು ಎಂದು ಅಳತೆ ಹೇಳಿ ಕೊಡಿ. ಮಗುವನ್ನು ಸಂಡೇ ಸ್ಕೂಲಿಗೆ ಬಿಡಲು ಬರುವ ತಾಯಿಗೆ ಆ ಕ್ಲಾಸಿನ ಹಾಜರಿ ಪುಸ್ತಕ ಕೊಟ್ಟು ನೋಡಿ.

ಮೋಶೆಗೂ ಇದೇ ಕಷ್ಟ ಇತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ಕೇಳುತ್ತಿದ್ದನು. ಮಾವ ಇತ್ರೋ ನೋಡಿ, ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದನು (ವಿಮೋಚನಕಾಂಡ 18). ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ಮುಖಂಡರನ್ನು ಇಡು ಎಂದು ಹೇಳಿಕೊಟ್ಟನು. ದೇವರೊಂದಿಗೆ ಮುಖಾಮುಖಿ ಮಾತಾಡಿದ ಮನುಷ್ಯ ಮಾವನ ಬುದ್ಧಿಮಾತು ಕೇಳಿದನು. "ನಾನೇ ಮಾಡಿದರೆ ಮಾತ್ರ ಸರಿಯಾಗುತ್ತದೆ" ಎನ್ನುವವರು, ಬೇರೆಯವರು ಬಂದಾಗ ನೀವು ಜಾಗ ಬಿಡುತ್ತಿದ್ದೀರಾ ಎಂದು ಸ್ವಲ್ಪ ಯೋಚಿಸಿ.

ದೊಡ್ಡ ಮನುಷ್ಯರು ಕೈಹಾಕುವುದೇ ಇಲ್ಲ. ಬರೀ ಮುಂದಿನ ಬೆಂಚು ಬೇಕು ಅವರಿಗೆ.

ತೆಕೋವ ಎಂಬ ಊರಿನ ಶ್ರೀಮಂತರೂ ಹಾಗೇ ಮಾಡಿದರು. ಕೆಲಸಕ್ಕೆ ಕತ್ತು ಬಗ್ಗಿಸಲಿಲ್ಲ ಎಂದು ನೆಹೆಮೀಯ ಒಂದೇ ಸಾಲು ಬರೆದು ಬಿಟ್ಟನು (3:5). ಅವರ ಹಿಂದೆ ಹೋಗಿ ಸಮಯ ಕಳೆಯಲಿಲ್ಲ. ಅದೇ ತೆಕೋವದ ಸಾಮಾನ್ಯ ಜನ ತಮ್ಮ ಭಾಗ ಮುಗಿಸಿ ಇನ್ನೊಂದು ಭಾಗವನ್ನೂ ಕಟ್ಟಿದರು (3:27).

ಹೆಣ್ಣುಮಕ್ಕಳು ನಾಯಕತ್ವದಲ್ಲಿ ಇರಬಹುದಾ?

ಇದೇ ಗೋಡೆಯ ಪಟ್ಟಿಯಲ್ಲಿ ಶಲ್ಲೂಮ ಎಂಬವನ ಹೆಸರಿದೆ. ಯೆರೂಸಲೇಮಿನ ಅರ್ಧ ಪ್ರಾಂತ್ಯದ ಒಡೆಯ. ಅವನೂ ಅವನ ಹೆಣ್ಣುಮಕ್ಕಳೂ ಗೋಡೆ ಕಟ್ಟಿದರು (3:12). ಇಸ್ರಾಯೇಲಿಗೆ ನ್ಯಾಯ ತೀರಿಸುತ್ತಿದ್ದ ದೆಬೋರಳನ್ನು ನ್ಯಾಯಸ್ಥಾಪಕರು 4ರಲ್ಲಿ ನೋಡಿ. ಅಪೊಲ್ಲೋಸನಂಥ ವಿದ್ವಾಂಸನಿಗೆ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದವರಲ್ಲಿ ಪ್ರಿಸ್ಕಿಲ್ಲಳೂ ಇದ್ದಳು (ಅಪೊಸ್ತಲರ ಕೃತ್ಯಗಳು 18:26).

ಸಭಾಪಾಲನೆಯ ದೀಕ್ಷೆಯ ವಿಷಯದಲ್ಲಿ ಸಭೆಗಳು ಒಂದೇ ಅಭಿಪ್ರಾಯದಲ್ಲಿ ಇಲ್ಲ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಮಹಿಳೆಯರು ದೀಕ್ಷೆ ಪಡೆಯುತ್ತಾರೆ. 2013ರಲ್ಲಿ ನಂದ್ಯಾಲ ಡಯಾಸಿಸ್‌ಗೆ ಮಹಿಳೆಯೊಬ್ಬರು ಬಿಷಪ್ ಆದರು. ಬೇರೆ ಕೆಲವು ಸಭೆಗಳು ಪೌಲನು ತಿಮೊಥೆಯನಿಗೆ ಬರೆದ ಪತ್ರವನ್ನು ಬೇರೆ ರೀತಿ ಓದುತ್ತವೆ. ನನ್ನ ಮನವಿ ಇಷ್ಟೆ: ಅಡುಗೆ, ಹೂವಿನ ಅಲಂಕಾರ, ಕಸಬರಿಗೆ ಅವರ ಕೈಯಲ್ಲಿ, ತೀರ್ಮಾನ ಮಾತ್ರ ನಮ್ಮ ಕೈಯಲ್ಲಿ ಎಂಬ ಪದ್ಧತಿಗೆ ಈ ಪುಸ್ತಕದಲ್ಲಿ ಆಧಾರವಿಲ್ಲ.

ಟೀಕೆ, ಚಾಡಿ, ವಾಟ್ಸಾಪ್‌ನಲ್ಲಿ ಹರಿದಾಡುವ ಸುಳ್ಳು ಇವನ್ನೆಲ್ಲ ಹೇಗೆ ತಡೆದುಕೊಳ್ಳುವುದು?

ನೆಹೆಮೀಯನಿಗೆ ಇವು ಒಂದರ ಹಿಂದೆ ಒಂದು ಬಂದವು.

ಮೊದಲು ಗೇಲಿ. ಇವರು ಕಟ್ಟುವ ಗೋಡೆಯ ಮೇಲೆ ನರಿ ಹತ್ತಿದರೂ ಬಿದ್ದುಹೋಗುತ್ತದೆ ಎಂದು ಸನ್ಬಲ್ಲಟನ ಜೊತೆಗಾರ ಟೋಬೀಯ ನಕ್ಕನು. ನೆಹೆಮೀಯ ಅವನಿಗೆ ಉತ್ತರ ಕೊಡಲಿಲ್ಲ, ದೇವರ ಹತ್ತಿರ ಹೇಳಿಕೊಂಡನು, ಕೆಲಸ ಮುಂದುವರಿಸಿದನು. ನಂತರ ಬೆದರಿಕೆ. ಆಗ ಪ್ರಾರ್ಥಿಸಿದನು, ಕಾವಲನ್ನೂ ಇಟ್ಟನು (4:9).

ಆಮೇಲೆ ಒಳಗಿನವರ ಸುಸ್ತು. ಹೊರುವವರ ಶಕ್ತಿ ಮುಗಿದಿದೆ, ಕಲ್ಲುಮಣ್ಣು ಇನ್ನೂ ಬಹಳ ಇದೆ ಎಂದು ಯೆಹೂದದವರೇ ಹೇಳಿದರು (4:10). ಇದು ಬಂದದ್ದು ಗೋಡೆ ಅರ್ಧ ಎತ್ತರ ಆದ ಹೊತ್ತಿಗೆ. ಶುರುವಿನ ಉತ್ಸಾಹ ಇಳಿದಿತ್ತು, ಕೊನೆ ಕಾಣುತ್ತಿರಲಿಲ್ಲ. ಸಭೆಯ ಯಾವ ಕೆಲಸವನ್ನೇ ನೋಡಿ, ಜನ ಕೈಬಿಡುವುದು ಈ ಘಟ್ಟದಲ್ಲಿ. ಅವನು ಬೈಯಲಿಲ್ಲ. ಕುಟುಂಬ ಕುಟುಂಬವಾಗಿ ನಿಲ್ಲಿಸಿದನು, ಕೊಂಬು ಊದುವವನನ್ನು ತನ್ನ ಪಕ್ಕದಲ್ಲಿ ಇಟ್ಟುಕೊಂಡನು, ಶಬ್ದ ಕೇಳಿದ ಕಡೆಗೆ ಎಲ್ಲರೂ ಓಡಿಬನ್ನಿ ಎಂದನು. ರಾತ್ರಿ ಅವನೂ ಬಟ್ಟೆ ಬಿಚ್ಚದೆ ಕಾವಲಿನವರೊಂದಿಗೆ ಇದ್ದನು (4:23).

ಆಮೇಲೆ ಸಿಹಿಮಾತು. ಓನೋ ಬಯಲಿಗೆ ಬಾ, ಮಾತಾಡೋಣ ಎಂದು ಸನ್ಬಲ್ಲಟನ ಕಡೆಯಿಂದ ನಾಲ್ಕು ಸಲ ಕರೆ ಬಂತು. ನಾನು ದೊಡ್ಡ ಕೆಲಸದಲ್ಲಿದ್ದೇನೆ, ಬರಲಾರೆ ಎಂದು ನಾಲ್ಕು ಸಲವೂ ಅದೇ ಉತ್ತರ. ಐದನೇ ಸಲ ಮುಚ್ಚದ ಪತ್ರ ಬಂತು, ನೀನು ರಾಜನಾಗಲು ಹೊರಟಿದ್ದೀ ಎಂಬ ಸುದ್ದಿ ಹಬ್ಬಿದೆ ಎಂದು. ಪತ್ರ ಮುಚ್ಚದೆ ಕಳಿಸಿದ್ದು ದಾರಿಯಲ್ಲಿ ಎಲ್ಲರೂ ಓದಲಿ ಎಂದೇ ಇರಬೇಕು. ಇವತ್ತಿನ ಗ್ರೂಪ್ ಮೆಸೇಜ್‌ಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೈಬಲ್‌ನಲ್ಲಿ ಸಿಗಲಾರದು. ಅವನ ಉತ್ತರ ಒಂದೇ ಮಾತು: ನೀನು ಹೇಳುವಂಥದ್ದು ಏನೂ ನಡೆದಿಲ್ಲ, ನೀನೇ ಹುಟ್ಟಿಸಿದ್ದು (6:8). ಹಾಗೆ ಹೇಳಿ, ನನ್ನ ಕೈಗಳನ್ನು ಬಲಪಡಿಸು ಎಂದು ದೇವರನ್ನು ಬೇಡಿಕೊಂಡನು.

ಒಂದು ಎಚ್ಚರಿಕೆ ಮಾತ್ರ ಇರಲಿ. ನಿಮ್ಮನ್ನು ಪ್ರಶ್ನೆ ಕೇಳುವವರೆಲ್ಲ ಸನ್ಬಲ್ಲಟರಲ್ಲ. ಸುಳ್ಳಿನ ಮುಂದೆ ಕಿವಿ ಮುಚ್ಚಿದ ಇದೇ ಮನುಷ್ಯ, ಬಡವರು ಕೂಗಿದಾಗ ಕಿವಿ ತೆರೆದನು.

ಆ 5ನೇ ಅಧ್ಯಾಯದಲ್ಲಿ ಅಷ್ಟು ಏನಿದೆ?

ಗೋಡೆ ಕೆಲಸ ಜೋರಾಗಿ ನಡೆಯುತ್ತಿದೆ. ಹೊರಗೆ ಶತ್ರುಗಳು. ಆಗ ಒಳಗೆ ಗದ್ದಲ. ಗಂಡಸರೂ ಅವರ ಹೆಂಡತಿಯರೂ ತಮ್ಮದೇ ಜನರ ಮೇಲೆ ದೂರು ತಂದರು. ಕೆಲವರು ಹೇಳಿದರು: ಮಕ್ಕಳು ಜಾಸ್ತಿ, ತಿನ್ನಲು ಧಾನ್ಯ ಬೇಕು. ಕೆಲವರು ಹೇಳಿದರು: ಬರಗಾಲ, ಹೊಲ, ತೋಟ, ಮನೆ ಎಲ್ಲ ಅಡವಿಟ್ಟಿದ್ದೇವೆ. ಇನ್ನು ಕೆಲವರು: ರಾಜನ ಕಂದಾಯ ಕಟ್ಟಲು ಸಾಲ ಮಾಡಿದ್ದೇವೆ. ನಮ್ಮ ಮೈಯೂ ಅವರ ಮೈಯೂ ಒಂದೇ, ನಮ್ಮ ಮಕ್ಕಳೂ ಅವರ ಮಕ್ಕಳಂತೆಯೇ, ಆದರೂ ನಮ್ಮ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಜೀತಕ್ಕೆ ಕೊಡುತ್ತಿದ್ದೇವೆ, ಬಿಡಿಸಲು ನಮ್ಮ ಕೈಯಲ್ಲಿ ಏನೂ ಇಲ್ಲ (5:1-5).

ಜೀತ ಪದ್ಧತಿಯನ್ನು ಕಾನೂನಿನಿಂದ ರದ್ದು ಮಾಡಲು 1976ರವರೆಗೆ ಕಾದ ದೇಶ ನಮ್ಮದು. ಈ ಮಾತು ನಮಗೆ ವಿವರಿಸಿ ಹೇಳಬೇಕಾಗಿಲ್ಲ.

ಸಾಲ ಕೊಟ್ಟವರು ಯಾರು? ಅದೇ ಊರಿನ ಗಣ್ಯರು, ಅಧಿಕಾರಿಗಳು. ನೆಹೆಮೀಯನಿಗೆ ತುಂಬಾ ಸಿಟ್ಟು ಬಂತು. ಮುಂದಿನ ವಚನ ನನಗೆ ಬಹಳ ಇಷ್ಟ: ಅವನು ತನ್ನೊಳಗೇ ಆಲೋಚಿಸಿದನು (5:7). ಸಿಟ್ಟು ನ್ಯಾಯವಾದದ್ದೇ, ಆದರೂ ಸಿಟ್ಟಿನ ಬಾಯಿಂದ ಮಾತಾಡಲಿಲ್ಲ. ಆಮೇಲೆ ಗಣ್ಯರನ್ನು ಎದುರಿಗೇ ಗದರಿಸಿದನು, ದೊಡ್ಡ ಸಭೆ ಸೇರಿಸಿದನು. ಅನ್ಯರಿಗೆ ಮಾರಲ್ಪಟ್ಟ ನಮ್ಮವರನ್ನು ನಾವು ಹಣ ಕೊಟ್ಟು ಬಿಡಿಸಿದೆವು, ನೀವು ಅವರನ್ನು ಮತ್ತೆ ಮಾರುತ್ತೀರಾ ಎಂದನು. ಅವರ ಹತ್ತಿರ ಉತ್ತರ ಇರಲಿಲ್ಲ.

ಗೋಡೆಗೆ ಈ ದೊಡ್ಡವರ ಸಹಾಯ ಬೇಕಿತ್ತು. "ಈಗ ಬೇಡ, ಗೋಡೆ ಮುಗಿಯಲಿ, ಆಮೇಲೆ ನೋಡೋಣ" ಎನ್ನುವುದು ಸುಲಭವಾಗಿತ್ತು. ಅವನು ಹಾಗನ್ನಲಿಲ್ಲ. ಇವತ್ತೇ ಹೊಲ, ದ್ರಾಕ್ಷಿತೋಟ, ಎಣ್ಣೆಮರದ ತೋಪು, ಮನೆ ಹಿಂದಕ್ಕೆ ಕೊಡಿ, ಬಡ್ಡಿಯನ್ನೂ ಬಿಡಿ ಎಂದನು. ತಾನೂ ತನ್ನವರೂ ಸಾಲ ಕೊಟ್ಟಿದ್ದೇವೆ ಎಂದು ಎಲ್ಲರ ಮುಂದೆ ಒಪ್ಪಿಕೊಂಡು, ನಾವೂ ಬಿಡೋಣ ಎಂದನು (5:10). ಅವರು ಆಗಲಿ ಎಂದಾಗ ಬರೀ ಮಾತಿಗೆ ಬಿಡದೆ, ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸಿದನು. ತನ್ನ ಮಡಿಲು ಕೊಡವಿ, ಮಾತು ತಪ್ಪಿದವನನ್ನು ದೇವರು ಹೀಗೆ ಕೊಡವಿಬಿಡಲಿ ಎಂದನು. ಸಭೆಯೆಲ್ಲ ಆಮೆನ್ ಎಂದಿತು.

ಅಧ್ಯಾಯದ ಎರಡನೇ ಭಾಗ ಅವನ ಸ್ವಂತ ಲೆಕ್ಕ. 12 ವರ್ಷ ಅವನು ಅಧಿಪತಿಯಾಗಿದ್ದನು. ಅಧಿಪತಿಗೆ ಬರಬೇಕಾದ ಊಟದ ಭತ್ಯೆಯನ್ನು ತೆಗೆದುಕೊಳ್ಳಲಿಲ್ಲ. ಅವನಿಗಿಂತ ಮುಂಚೆ ಇದ್ದವರು ರೊಟ್ಟಿ, ದ್ರಾಕ್ಷಾರಸದ ಜೊತೆಗೆ 40 ಶೆಕೆಲ್ ಬೆಳ್ಳಿ ವಸೂಲು ಮಾಡುತ್ತಿದ್ದರು, ಅವರ ಆಳುಗಳು ಕೂಡ ಜನರ ಮೇಲೆ ದರ್ಬಾರು ಮಾಡುತ್ತಿದ್ದರು. ನೆಹೆಮೀಯನ ಪಂಕ್ತಿಯಲ್ಲಿ ದಿನಾ 150 ಯೆಹೂದ್ಯರು ಮತ್ತು ಅಧಿಕಾರಿಗಳು ಊಟಕ್ಕೆ ಕೂರುತ್ತಿದ್ದರು, ಸುತ್ತಲಿನ ದೇಶಗಳಿಂದ ಬಂದವರು ಬೇರೆ. ದಿನಕ್ಕೆ ಒಂದು ಎತ್ತು, ಆರು ಒಳ್ಳೆಯ ಕುರಿ, ಕೋಳಿಗಳು. ಇಷ್ಟಿದ್ದರೂ ಭತ್ಯೆ ಕೇಳಲಿಲ್ಲ, ಯಾಕೆಂದರೆ ಜನರ ಮೇಲಿನ ಭಾರ ಆಗಲೇ ಹೆಚ್ಚಾಗಿತ್ತು (5:18).

ಇದರ ನಡುವೆ ಒಂದು ಚಿಕ್ಕ ಮಾತಿದೆ. ನಾವು ಯಾವ ಹೊಲವನ್ನೂ ಕೊಂಡುಕೊಳ್ಳಲಿಲ್ಲ (5:16). ಬರಗಾಲದಲ್ಲಿ ಜಮೀನು ಅಗ್ಗವಾಗಿ ಸಿಗುತ್ತದೆ. ಕೊಳ್ಳಲು ಅವನ ಹತ್ತಿರ ಹಣ ಇತ್ತು, ಅಧಿಕಾರ ಇತ್ತು, ಯಾವ ಜಾಗಕ್ಕೆ ಬೆಲೆ ಬರುತ್ತದೆ ಎಂದೂ ಗೊತ್ತಿತ್ತು, ಗೋಡೆ ಕಟ್ಟಿಸುತ್ತಿದ್ದವನೇ ಅವನು. ಕೊಂಡಿದ್ದರೆ ಕಾನೂನಿನ ಪ್ರಕಾರ ತಪ್ಪೂ ಆಗುತ್ತಿರಲಿಲ್ಲ. ಹಿಂದಿನವರಂತೆ ಯಾಕೆ ನಡೆದುಕೊಳ್ಳಲಿಲ್ಲ ಎಂದರೆ, ದೇವರ ಭಯದಿಂದ ಎಂದು ಅದರ ಹಿಂದಿನ ವಚನದಲ್ಲೇ ಹೇಳುತ್ತಾನೆ (5:15). ಸಭೆಯ ಆಸ್ತಿ, ಶಾಲೆಯ ಸೀಟು, ಕಟ್ಟಡದ ಕಂಟ್ರಾಕ್ಟ್ ಕೈಯಲ್ಲಿರುವ ಪ್ರತಿಯೊಬ್ಬರೂ ಈ ವಚನವನ್ನು ಬರೆದಿಟ್ಟುಕೊಳ್ಳಬೇಕೆಂದು ನನ್ನ ಆಸೆ.

ಹಾಗಾದರೆ ಸಭಾಪಾಲಕರು ಸಂಬಳ ತೆಗೆದುಕೊಳ್ಳುವುದು ತಪ್ಪಾ?

ಖಂಡಿತ ತಪ್ಪಲ್ಲ. ನೆಹೆಮೀಯನೇ 13ನೇ ಅಧ್ಯಾಯದಲ್ಲಿ ದೇವಾಲಯದ ಸೇವೆ ಮಾಡುವ ಲೇವಿಯರಿಗೆ ಬರಬೇಕಾದ ಪಾಲು ಬಂದಿಲ್ಲ, ಅವರು ಹೊಟ್ಟೆಪಾಡಿಗೆ ಹೊಲಗಳಿಗೆ ಓಡಿಹೋಗಿದ್ದಾರೆ ಎಂದು ತಿಳಿದು ಅಧಿಕಾರಿಗಳ ಜೊತೆ ಜಗಳ ಮಾಡಿದನು. ತನಗೆ ಬರುವುದನ್ನು ಬಿಟ್ಟನು, ಬೇರೆಯವರಿಗೆ ಬರಬೇಕಾದ್ದನ್ನು ಕೊಡಿಸಿದನು. ಸುವಾರ್ತೆ ಸಾರುವವರು ಸುವಾರ್ತೆಯಿಂದ ಜೀವನ ಮಾಡಬೇಕು ಎಂದು ಪೌಲನೂ ಹೇಳುತ್ತಾನೆ (1 ಕೊರಿಂಥ 9:14). ಹಳ್ಳಿ ಸಭೆಗಳ ಅಯ್ಯನವರಿಗೆ ಸಂಬಳ ತಡಮಾಡಿ, "ಸೇವೆ ಅಲ್ವಾ, ತ್ಯಾಗ ಇರಬೇಕು" ಎನ್ನುವುದು ನಾಚಿಕೆಯ ವಿಷಯ.

ಸಭೆಯ ಹಣದ ಲೆಕ್ಕ ಕೇಳಿದರೆ "ವಿಶ್ವಾಸ ಇಲ್ವಾ" ಎನ್ನುತ್ತಾರೆ.

ನೆಹೆಮೀಯ ಉಗ್ರಾಣದ ಮೇಲೆ ಒಬ್ಬ ಯಾಜಕ, ಒಬ್ಬ ಶಾಸ್ತ್ರಿ, ಒಬ್ಬ ಲೇವಿ, ಅವರ ಸಹಾಯಕ್ಕೆ ಇನ್ನೊಬ್ಬ, ಹೀಗೆ ನಾಲ್ವರನ್ನು ಇಟ್ಟನು (13:13). ನಂಬಿಗಸ್ತರೆಂದು ಹೆಸರಾದವರನ್ನೇ ಆರಿಸಿದನು, ಆದರೂ ಒಬ್ಬನ ಕೈಗೆ ಕೊಡಲಿಲ್ಲ. ಪೌಲನು ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ತಾನೊಬ್ಬನೇ ಒಯ್ಯಲಿಲ್ಲ. ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು, ಸಭೆಗಳು ಆರಿಸಿದವರನ್ನು ಜೊತೆಗೆ ಇಟ್ಟುಕೊಂಡನು (2 ಕೊರಿಂಥ 8:19-21). ಅಪೊಸ್ತಲನಿಗೇ ಇದು ಬೇಕಾಗಿತ್ತು!

ಭಾನುವಾರದ ಕಾಣಿಕೆಯನ್ನು ಇಬ್ಬರು ಮೂವರು ಒಟ್ಟಿಗೆ ಕೂತು ಎಣಿಸಿ ಸಹಿ ಮಾಡಲಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ ಎಷ್ಟಕ್ಕೆ ಹೋಯಿತು, ಕೋಳಿ ಎಷ್ಟಕ್ಕೆ ಹೋಯಿತು ಎಂದು ಬರೆದು ಮುಂದಿನ ವಾರ ನೋಟಿಸ್ ಬೋರ್ಡಿಗೆ ಹಾಕಿ. ಲೆಕ್ಕ ತೋರಿಸಿದರೆ ಖಜಾಂಚಿಯ ಹೆಸರೂ ಉಳಿಯುತ್ತದೆ.

"ಅಭಿಷಿಕ್ತನನ್ನು ಮುಟ್ಟಬೇಡಿ" ಎಂದು ಬೈಬಲ್ ಹೇಳುತ್ತದಲ್ಲ? ನಾಯಕರನ್ನು ಪ್ರಶ್ನಿಸಬಹುದಾ?

ಅಭಿಷಿಕ್ತ ಎಂದರೆ ದೇವರು ಆರಿಸಿಕೊಂಡವನು. ಆ ಮಾತು ಕೀರ್ತನೆ 105:15ರಲ್ಲಿದೆ. ಊರೂರು ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರಿಗೆ ಕೈಮಾಡಬೇಡಿ ಎಂದು ದೇವರು ರಾಜರಿಗೆ ಹೇಳಿದ್ದು. ಬಲಹೀನರನ್ನು ಬಲವಂತರಿಂದ ಕಾಪಾಡಲು ಬಂದ ಮಾತನ್ನು, ಬಲವಂತರು ತಮ್ಮ ಮೇಲಿನ ಪ್ರಶ್ನೆ ತಡೆಯಲು ಬಳಸುವುದನ್ನು ನೋಡಿದರೆ ನನಗೆ ದುಃಖವಾಗುತ್ತದೆ.

ದಾವೀದ ಅಭಿಷಿಕ್ತನೇ. ಪ್ರವಾದಿ ನಾತಾನ ಅವನ ಎದುರಿಗೆ ನಿಂತು, ಪಾಪ ಮಾಡಿದ ಆ ಮನುಷ್ಯ ನೀನೇ ಎಂದನು. ಪೇತ್ರ ಅಪೊಸ್ತಲನೇ. ಅಂತಿಯೋಕ್ಯದಲ್ಲಿ ಪೌಲ ಅವನನ್ನು ಮುಖಾಮುಖಿ ಎದುರಿಸಿದನು (ಗಲಾತ್ಯ 2:11). ಇಬ್ಬರೂ ಹಿಂದೆ ಚಾಡಿ ಹೇಳಲಿಲ್ಲ, ನೇರ ಹೋಗಿ ಮಾತಾಡಿದರು. ದಾವೀದ ರಾಜ ಸೌಲನ ಮೇಲೆ ಕೈ ಎತ್ತಲಿಲ್ಲ ನಿಜ, ಆದರೆ ಗುಹೆಯ ಹೊರಗೆ ಬಂದು, ಯಾಕೆ ನನ್ನನ್ನು ಬೆನ್ನಟ್ಟುತ್ತೀ ಎಂದು ಕೂಗಿ ಕೇಳಿಯೇ ಕೇಳಿದನು. ಪ್ರಶ್ನೆಯ ಧಾಟಿಯಲ್ಲಿ ಗೌರವ ಇರಲಿ.

ಮಗನಿಗೆ, ತಮ್ಮನಿಗೆ ಜವಾಬ್ದಾರಿ ಕೊಡುವುದು ಸರಿಯಾ?

ಇದು ಕಷ್ಟದ ಪ್ರಶ್ನೆ. ನೆಹೆಮೀಯನೇ ತನ್ನ ಸಹೋದರ ಹನಾನಿಯನ್ನು ಯೆರೂಸಲೇಮಿನ ಉಸ್ತುವಾರಿಗೆ ನೇಮಿಸಿದನು (7:2). ಆದರೆ ಅವನೊಬ್ಬನನ್ನೇ ಅಲ್ಲ, ಜೊತೆಗೆ ಹನನ್ಯನನ್ನೂ ನೇಮಿಸಿ, ಇವನು ನಂಬಿಗಸ್ತ, ಬಹಳ ಜನರಿಗಿಂತ ದೇವರಿಗೆ ಭಯಪಡುವವನು ಎಂದು ಕಾರಣ ಹೇಳಿದನು. ಇತ್ತ ಸಮುವೇಲ ತನ್ನ ಮಕ್ಕಳನ್ನು ನ್ಯಾಯಾಧಿಪತಿಗಳನ್ನಾಗಿ ಮಾಡಿದನು, ಅವರು ಲಂಚ ತಿಂದರು, ಜನ ಬೇಸತ್ತು ರಾಜ ಬೇಕೆಂದರು (1 ಸಮುವೇಲ 8). ಸಂಬಂಧಿಕ ಎನ್ನುವುದು ಅನರ್ಹತೆಯಲ್ಲ, ಅರ್ಹತೆಯಂತೂ ಅಲ್ಲವೇ ಅಲ್ಲ. ನನ್ನ ಅಭಿಪ್ರಾಯದಲ್ಲಿ, ಮನೆಯವರ ಹೆಸರು ಬಂದಾಗ ನೀವು ಎದ್ದು ಹೊರಗೆ ಕೂರಿ, ಉಳಿದವರು ತೀರ್ಮಾನ ಮಾಡಲಿ.

ನೆಹೆಮೀಯ ಜನರನ್ನು ಹೊಡೆದ, ಕೂದಲು ಕಿತ್ತ. ಅದನ್ನೂ ಕಲಿಯಬೇಕಾ?

13:25ರಲ್ಲಿ ಅದು ಇದೆ, ಮುಚ್ಚಿಡಬಾರದು. ಬೈಬಲ್ ಒಬ್ಬರು ಮಾಡಿದ್ದನ್ನು ಬರೆದಿದೆ ಎಂದ ಮಾತ್ರಕ್ಕೆ ನೀವೂ ಮಾಡಿ ಎಂದು ಹೇಳಿದಂತಲ್ಲ. ಅವನ ಚಿಂತೆ ನನಗೆ ಅರ್ಥವಾಗುತ್ತದೆ, ಅನ್ಯ ಸ್ತ್ರೀಯರನ್ನು ಮದುವೆಯಾದವರ ಮಕ್ಕಳಲ್ಲಿ ಅರ್ಧ ಜನರಿಗೆ ಯೆಹೂದ್ಯರ ಭಾಷೆಯೇ ಬರುತ್ತಿರಲಿಲ್ಲ, ನಂಬಿಕೆ ಒಂದು ತಲೆಮಾರಿನಲ್ಲಿ ಮಾಯವಾಗುವ ಭಯ ಇತ್ತು. ಆದರೆ ಅವನು ಹಿಡಿದ ದಾರಿ ನಮಗೆ ಮಾದರಿಯಲ್ಲ. ಸಭೆಯ ಅಧ್ಯಕ್ಷನು ಹೊಡೆದಾಡುವವನಾಗಿರಬಾರದು, ಸಾತ್ವಿಕನಾಗಿರಬೇಕು ಎಂದು ಪೌಲ ತಿಮೊಥೆಗೆ ಬರೆದನು (1 ತಿಮೊಥೆ 3:3). ಶಿಷ್ಯರು ಯಾರು ದೊಡ್ಡವರು ಎಂದು ಜಗಳವಾಡಿದ ಅದೇ ರಾತ್ರಿ ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಅವರ ಕಾಲು ತೊಳೆದನು, ತನ್ನನ್ನು ಹಿಡಿದುಕೊಡಲಿದ್ದ ಯೂದನ ಕಾಲನ್ನೂ ಸೇರಿಸಿ. ನೆಹೆಮೀಯನನ್ನು ಓದುವಾಗ ಯೇಸುವಿನ ಪಕ್ಕದಲ್ಲಿಟ್ಟು ಓದಬೇಕು.

ನಾನು ಆಫೀಸಿನಲ್ಲಿ ಕೆಲಸ ಮಾಡುವವನು. ಸಭೆಯಲ್ಲಿ ಯಾವ ಹುದ್ದೆಯೂ ಇಲ್ಲ. ನನಗೆ ಇದರಲ್ಲಿ ಏನಿದೆ?

ನೆಹೆಮೀಯ ಅನ್ಯ ರಾಜನ ಕೈಕೆಳಗಿನ ನೌಕರ. ರಜೆ ಕೇಳಿದ, ಸಿಕ್ಕ ಮೇಲೆ ಹೋದ, 12 ವರ್ಷವಾದ ಮೇಲೆ ರಾಜನ ಹತ್ತಿರ ವಾಪಸ್ ಹೋದ. ರಾಜ ಅಷ್ಟು ಸುಲಭವಾಗಿ ಒಪ್ಪಿದ್ದು ಅವನ ಇಷ್ಟು ದಿನದ ಕೆಲಸ ನೋಡಿ ಅಲ್ವಾ? ನಿಮ್ಮ ಟೀಮಿನಲ್ಲಿ ಇಬ್ಬರೇ ಇರಲಿ, ಅವರ ಹೆಸರಿಗೆ ಹೋಗಬೇಕಾದ ಮೆಚ್ಚುಗೆಯನ್ನು ನೀವು ತೆಗೆದುಕೊಳ್ಳದೆ ಇದ್ದರೆ 5ನೇ ಅಧ್ಯಾಯ ಅಲ್ಲೇ ಶುರುವಾಗುತ್ತದೆ.

ನಮ್ಮ ಕಮಿಟಿಯವರು ಒಟ್ಟಿಗೆ ಓದಬೇಕೆಂದಿದ್ದೇವೆ. ಹೇಗೆ ಓದುವುದು?

ಮೊದಲ ವಾರ 5ನೇ ಅಧ್ಯಾಯದಿಂದಲೇ ಶುರುಮಾಡಿ. ಸಭೆಯ ವರ್ಷದ ಲೆಕ್ಕಪತ್ರವನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ನಮ್ಮ ಸಭೆಯಲ್ಲಿ ಬಡ್ಡಿಗೆ ಸಿಕ್ಕಿಬಿದ್ದವರು ಯಾರಿದ್ದಾರೆ, ನಮಗೆ ಗೊತ್ತಿದೆಯಾ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಆಮೇಲೆ 1ರಿಂದ 6ರವರೆಗೆ ಕ್ರಮವಾಗಿ ಓದಿ. 8ನೇ ಅಧ್ಯಾಯದಲ್ಲಿ ಶಾಸ್ತ್ರಿ ಎಜ್ರನು ನೀರುಬಾಗಿಲಿನ ಬಯಲಿನಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದುವ ಭಾಗವನ್ನು ಇಡೀ ಸಭೆಯ ಮುಂದೆ ಓದಿಸಿ. 13ನೇ ಅಧ್ಯಾಯ ಕಹಿ ಎಂದು ಬಿಡಬೇಡಿ, ನಾಯಕ ಊರಲ್ಲಿ ಇಲ್ಲದಾಗ ಏನೆಲ್ಲ ಹಾಳಾಯಿತು ಎಂದು ಅದರಲ್ಲಿದೆ. 3ನೇ ಅಧ್ಯಾಯದ ಹೆಸರುಗಳು ನಾಲಿಗೆಗೆ ಕಷ್ಟ, ಆದರೂ ಜೋರಾಗಿ ಓದಿ. 32 ವಚನ ಇವೆ, ಒಬ್ಬೊಬ್ಬರಿಗೆ ನಾಲ್ಕೈದು ಹಂಚಿಕೊಳ್ಳಿ.